ಉಡಿ ತುಂಬಿ ಕಳಿಸುವ ಮನೆ

ಸಂಶಿಯ ಪೇಟೆಯ ಹಿಂದಿನ ಓಣಿಯಲ್ಲಿ, ಗೊಬ್ಬರದ ಅಂಗಡಿಯ ಗೋಡೆಗೆ ಅಂಟಿಕೊಂಡು ಒಂದು ಬಾಡಿಗೆ ಮನೆಯಿದೆ. ಬಾಗಿಲ ಮೇಲೆ 'ಆಸರೆ ಮಹಿಳಾ ಕೇಂದ್ರ' ಎಂದು ದಪ್ಪ ಅಕ್ಷರದಲ್ಲಿ ಬೋರ್ಡು ಬರೆಸಿದ್ದಾರೆ. ಬರೆಸಿ ಏನು ಬಂತು? ಸುತ್ತಲಿನ ಹಳ್ಳಿಗಳಲ್ಲಿ ಯಾರನ್ನು ಕೇಳಿದರೂ ಅದು 'ಉಡಿ ತುಂಬೋ ಮನಿ'. ಗಂಡ ಹೊಡೆದು ಹೊರಹಾಕಿದವರು, ಅತ್ತೆಯ ಕಾಟ ತಾಳಲಾರದೆ ಉಟ್ಟ ಸೀರೆಯಲ್ಲೇ ಓಡಿಬಂದವರು, ಕೂಸು ಕಟ್ಟಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ಕುಳಿತವರು, ಎಲ್ಲರೂ ಕಡೆಗೆ ಅಲ್ಲಿಗೇ ಬರುತ್ತಾರೆ. ಕೆಲವು ದಿನ ಉಣ್ಣುತ್ತಾರೆ, ಅಳುತ್ತಾರೆ, ಕಣ್ತುಂಬ ನಿದ್ದೆ ಮಾಡುತ್ತಾರೆ. ಆಮೇಲೆ ಗಂಡನ ಕಡೆಯವರನ್ನು ಕರೆಸಿ, ಕೂಡುವಂತಿದ್ದರೆ ಕೂಡಿಸಿ ಕಳಿಸುವುದು. ಕೂಡದಿದ್ದರೆ ಧಾರವಾಡದ ದೊಡ್ಡ ವಸತಿಗೃಹಕ್ಕೆ ದಾಟಿಸುವುದು. ಗಂಡನ ಜೊತೆ ಹೋಗುವವಳನ್ನು ಮಾತ್ರ ಬರಿಗೈಯಲ್ಲಿ ಕಳಿಸುವುದಿಲ್ಲ, ಉಡಿ ತುಂಬಿ ಕಳಿಸುತ್ತಾರೆ.

ಈ ರೂಢಿ ಹುಟ್ಟಿಸಿದವಳು ಅಡುಗೆಯ ಮೈಲಾರವ್ವ. ಕುರಿ ಸಾಕುವ ಮನೆತನದವಳು. ಗಂಡ ಸತ್ತ ಮೇಲೆ ಕೇಂದ್ರದ ಒಲೆಯ ಮುಂದೆ ಬಂದು ಕುಳಿತವಳು ಏಳಲೇ ಇಲ್ಲ. ಹಿಂದೊಮ್ಮೆ ಯಾರೋ ದಿಕ್ಕಿಲ್ಲದ ಹೆಂಗಸನ್ನು ಗಂಡನ ಜೊತೆ ಕಳಿಸುವಾಗ ಕೈಯಲ್ಲಿ ಸೌಟು ಹಿಡಿದುಕೊಂಡೇ ಪಡಸಾಲೆಗೆ ಬಂದು ಜಗಳ ತೆಗೆದಿದ್ದಳು.

"ಅಲ್ರೀ, ಬರೀ ಉಡೀಲೆ ಕಳಸ್ತೀರಲ್ಲ, ನಿಮಗ ಏನರೆ ತಿಳೀತದೇನು? ಇಕಿಗೆ ಹಿಂದಿಲ್ಲ ಮುಂದಿಲ್ಲ ಅಂತ ನೀವ ಅವರಿಗೆ ತೋರಿಸಿ ಕೊಟ್ಟಂಗಾತು. ತವರಮನಿ ಇಲ್ಲದಾಕಿಗೆ ಯಾವ ಗಂಡಸೂ ಅಂಜಂಗಿಲ್ಲ."

ಅಂದೇ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು, ಉತ್ತತ್ತಿ, ಎಲೆ ಅಡಿಕೆ, ಒಂದು ಕುಬಸದ ಖಣ ತರಿಸಿದರು. ಆ ಹೆಂಗಸು ಸೆರಗೊಡ್ಡಿ ನಿಂತು ಅತ್ತದ್ದನ್ನು ನೋಡಿ ಗೊಬ್ಬರದ ಅಂಗಡಿಯ ಕಾಸೀಮಸಾಬನೂ ಕಣ್ಣು ಒರೆಸಿಕೊಂಡನಂತೆ. ಅವಳ ಅತ್ತೆಮನೆಯವರು ಬಹಳ ದಿನ ಅವಳ ಮೈಮೇಲೆ ಕೈಯೆತ್ತಲಿಲ್ಲ ಎಂದು ಸುದ್ದಿ ಬಂತು. ಸಾಕಲ್ಲ, ಅಂದಿನಿಂದ ಅದೇ ಪದ್ಧತಿಯಾಯಿತು.

ಆದರೆ ಮೈಲಾರವ್ವ ತಾನೇ ತುಂಬುವಂತಿಲ್ಲ. ಗಂಡ ಸತ್ತವಳ ಕೈ ಉಡಿಗೆ ತಾಗಬಾರದು. ಈ ಮಾತನ್ನು ಮುಂದೆ ನಿಂತು ಹೇಳುವವಳೂ ಆಕೆಯೇ, ಹೇಳಿ ದೂರ ಸರಿದು ನಿಲ್ಲುವವಳೂ ಆಕೆಯೇ. ಹೀಗಾಗಿ ಕೆಲಸ ಕೌನ್ಸೆಲರ್ ಮಲ್ಲಿಕಾಳ ಪಾಲಿಗೆ ಬಂತು.

ಮಲ್ಲಿಕಾ ಕುಂದಗೋಳದವಳು, ಧಾರವಾಡದಲ್ಲಿ ಸಮಾಜಕಾರ್ಯ ಓದಿದವಳು. ಅವಳಪ್ಪ ಲಕ್ಕಪ್ಪ ಹರೆಯದಲ್ಲೇ ಬುದ್ಧನ ದಾರಿ ಹಿಡಿದು, ಮನೆಯ ಜಗಲಿಯ ಮೇಲಿದ್ದ ದೇವರನ್ನೆಲ್ಲ ತೆಗೆದಿಟ್ಟ ಮನುಷ್ಯ. ಮಲ್ಲಿಕಾಳ ಮದುವೆಯಲ್ಲಿಯೇ ಉಡಿ ತುಂಬಿರಲಿಲ್ಲ. ಅಂಥವಳು ಊರ ಹೆಣ್ಣುಮಕ್ಕಳ ಉಡಿ ತುಂಬುತ್ತ ನಿಲ್ಲುವುದೆಂದರೆ! "ಏನ್ರಿ ಮುತ್ತೈದಿಯವರ, ಇವತ್ತ ಯಾರ್ನ ದಾಟಿಸಿದ್ರಿ?" ಎಂದು ಗಂಡ ಸುದೀಪ ಕೆಣಕುತ್ತಿದ್ದ. ಅವಳೂ ನಗುತ್ತಿದ್ದಳು. ಆದರೆ ಕಲಿಯುವಾಗ ನಗಲಿಲ್ಲ. ಖಣ ಮೊದಲೋ ಅಕ್ಕಿ ಮೊದಲೋ, ಕುಂಕುಮ ಯಾವ ಬೆರಳಲ್ಲಿ, ಎಲೆಯ ತುದಿ ಯಾವ ಕಡೆಗೆ, ಎಲ್ಲವನ್ನೂ ಮೈಲಾರವ್ವನಿಂದ ಕೇಳಿ ಕೇಳಿ ಕಲಿತಳು. ಬಂದ ಹಿರಿಯರು ಯಾರೂ 'ಇಕಿ ಮನ್ಯಾಗ ಇವೆಲ್ಲ ಇಲ್ಲ, ಇಕಿಗೇನ ಗೊತ್ತು' ಎಂದು ಮುಖ ತಿರುಗಿಸಬಾರದು, ಆ ಅಂಜಿಕೆ ಅವಳಿಗಿತ್ತು. ಇದನ್ನು ಗಂಡನ ಮುಂದೆಯೂ ಅವಳು ಒಪ್ಪಿದವಳಲ್ಲ.

ಕಡಲೆ ಕೀಳುವ ದಿನಗಳಲ್ಲಿ ಸೀಮಾ ಬಂದಳು. ಅಳ್ನಾವರದ ಕಡೆಯ ಹುಡುಗಿ. ತಾಯಿ ಸತ್ತು, ತಂದೆ ಇನ್ನೊಂದು ಮದುವೆಯಾಗಿ, ಇವಳನ್ನು ಯರಗುಪ್ಪಿಯ ಮಾಳಿಂಗರಾಯನಿಗೆ ಕೊಟ್ಟು ಕೈತೊಳೆದುಕೊಂಡಿದ್ದ. ಮಾಳಿಂಗರಾಯನನ್ನು ಯಾರೂ ಕೆಟ್ಟವನು ಎನ್ನುವುದಿಲ್ಲ. ಹೊಲವಿದೆ, ಟ್ರ್ಯಾಕ್ಟರ್ ಇದೆ. ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ದೊಡ್ಡವರನ್ನು ಕಂಡರೆ ಚಪ್ಪಲಿ ಬಿಟ್ಟು ನಿಲ್ಲುತ್ತಾನೆ. ಹೆಂಡತಿಯನ್ನು ಹೊಡೆಯುತ್ತಾನೆ, ಅದೊಂದು ಬಿಟ್ಟರೆ ಚಿನ್ನದಂಥ ಮನುಷ್ಯ! ಸುಡಬೇಕು ಇಂಥ ಚಿನ್ನವನ್ನು.

ಸೀಮಾ ಬಂದ ದಿನ ಮೈಲಾರವ್ವ ಕೊಟ್ಟ ರೊಟ್ಟಿಯನ್ನು ತಿಂದು, ಅಡುಗೆಮನೆಯ ಮೂಲೆಯಲ್ಲೇ ಒರಗಿ ಮಲಗಿದಳು. ನಿದ್ದೆಯಲ್ಲಿ ಕೈಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದಳು. ಎದ್ದ ಮೇಲೆ ಬೆಳ್ಳುಳ್ಳಿ ಸುಲಿಯಲು ಕುಳಿತಳು, ಆಮೇಲೆ ಅಕ್ಕಿ ಆರಿಸಿದಳು, ಆಮೇಲೆ ಮೈಲಾರವ್ವನ ತಲೆ ಬಾಚಿದಳು. ಒಂದು ದಿನ ಮೈಲಾರವ್ವ ಏನೋ ಚಾಷ್ಟಿ ಮಾಡಿದಾಗ ನಕ್ಕೇಬಿಟ್ಟಳು. ಆ ನಗು ಕೇಳಿ ಮಲ್ಲಿಕಾ ಪಡಸಾಲೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತು ನೋಡಿದಳು. ಇವಳು ಉಳಿಯುತ್ತಾಳೆ ಎಂದು ಅವಳ ಮನಸ್ಸಿಗೆ ಅನಿಸಿತು.

ಉಳಿಸಬಹುದಿತ್ತು. ಅದೇ ಸಂಕಟ. ಧಾರವಾಡದ ವಸತಿಗೃಹದಲ್ಲಿ ಜಾಗವಿತ್ತು, ಅಲ್ಲಿ ಹೊಲಿಗೆ ಕಲಿಸುತ್ತಿದ್ದರು. ಆದರೆ ಮಾಳಿಂಗರಾಯ ಫೋನಿನ ಮೇಲೆ ಫೋನು ಮಾಡಿದ, ತಪ್ಪಾಯಿತು ಎಂದ, ಅತ್ತ. ಸಂಸ್ಥೆಯ ಧಾರವಾಡದ ಮೇಡಂ ಕೂಡ, "ಒಮ್ಮೆ ಕೂಡಿಸಿ ನೋಡ್ರಿ ಮಲ್ಲಿಕಾ, ಎಳೇ ಸಂಸಾರ" ಎಂದರು. ಸೀಮಾಳನ್ನು ಕೇಳಿದರೆ ತಲೆ ತಗ್ಗಿಸಿ, "ನೀವು ಹೆಂಗ ಹೇಳ್ತೀರಿ ಹಂಗ್ರಿ" ಎಂದಳು. ಹಾಗೆಂದರೆ ಒಪ್ಪಿಗೆಯಲ್ಲ ಎಂಬುದು ಮಲ್ಲಿಕಾಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಓದಿದ್ದೇ ಅದನ್ನು.

ಆ ದಿನ ಮಾಳಿಂಗರಾಯ ಬಿಳಿ ಅಂಗಿ ತೊಟ್ಟು, ಊರ ಹಿರಿಯ ಗೂಳಪ್ಪನನ್ನು ಕರೆದುಕೊಂಡು ಬಂದ. ಠಾಣೆಯಿಂದ ಪೇದೆ ನಸೀಮಾಬಿಯೂ ಬಂದು ಕುರ್ಚಿ ಎಳೆದುಕೊಂಡಳು. ಇನ್ನು ಮೇಲೆ ಬೆರಳು ಸೋಕಿಸುವುದಿಲ್ಲ ಎಂದು ಮಾಳಿಂಗರಾಯ ಎಲ್ಲರ ಮುಂದೆ ಕೈಮುಗಿದು ಹೇಳಿದ. "ಇದು ನನ್ನ ಜವಾಬ್ದಾರಿರಿ, ಏನರೆ ಆದ್ರ ನನ್ನ ಕೇಳ್ರಿ" ಎಂದು ಗೂಳಪ್ಪ ಎದೆ ಮುಟ್ಟಿಕೊಂಡ. ಎಲ್ಲರೂ ಚಹಾ ಕುಡಿದರು. ಹೊರಗೆ ಟ್ರ್ಯಾಕ್ಟರ್ ತಿರುಗಿಸಿ ನಿಲ್ಲಿಸಿದ್ದರು.

ಉಡಿ ತುಂಬುವುದು ಒಳಕೋಣೆಯಲ್ಲಿ. ಮಣೆ ಹಾಕಿ ಸೀಮಾಳನ್ನು ಕೂಡಿಸಿದರು. ಮೈಲಾರವ್ವ ಬಾಗಿಲ ಸಂದಿಯಲ್ಲಿ ನಿಂತು ಒಂದೊಂದೇ ಹೇಳುತ್ತಿದ್ದಳು, ಮಲ್ಲಿಕಾ ಒಂದೊಂದೇ ಹಾಕುತ್ತಿದ್ದಳು. ಅರಿಷಿಣ ಕುಂಕುಮ ಹಚ್ಚಿ, ಖಣ ಇಟ್ಟು, ಬೊಗಸೆ ಬೊಗಸೆ ಅಕ್ಕಿ ಸುರಿದು, ಕೊಬ್ಬರಿ ಬಟ್ಟಲು ಇಟ್ಟಳು. ಸೀಮಾ ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತಳು. ನಿಂತವಳು ಗಬಕ್ಕನೆ ಮಲ್ಲಿಕಾಳ ಮುಂಗೈ ಹಿಡಿದಳು.

"ಅಕ್ಕಾರ, ನಾ ಹೋಗಂಗಿಲ್ರಿ."

ಬಂದಾಗಿನಿಂದ ಅವಳು ತಾನಾಗಿ ಆಡಿದ ಗಟ್ಟಿ ಮಾತು ಅದೇ ಮೊದಲು.

"ಯಾಕ? ಈಗರೆ ಹೂಂ ಅಂದಿ?"

"ಅಂವಾ ಅಳೂದು ನೋಡಿದ್ರಿಲ್ಲ? ಅತ್ತ ದಿನಾನ ಹೆಚ್ಚಿಗಿ ಹೊಡೀತಾನ್ರಿ. ನನ್ನ ಇಲ್ಲೇ ಇಟ್ಟುಕೋರಿ. ಧಾರವಾಡಕ್ಕರೆ ಕಳಸ್ರಿ. ನಿಮ್ಮ ಕಾಲ ಬೀಳ್ತೀನಿ."

ಮಲ್ಲಿಕಾ ಮೈಲಾರವ್ವನ ಕಡೆ ನೋಡಿದಳು. ಮುದುಕಿಯ ಕಣ್ಣಲ್ಲಿ ನೀರು ನಿಂತಿತ್ತು. ಆದರೆ ಬಾಯಲ್ಲಿ ಬಂದದ್ದು ಬೇರೆ.

"ಮೊದ್ಲ ಹೇಳಬೇಕಿಲ್ಲವ್ವಾ ನನ ಮಗಳ? ಉಡಿ ತುಂಬಿಸಿಕೊಂಡ ಮ್ಯಾಲೆ ತಿರುಗಿ ಕುಂಡ್ರಬಾರದು. ತುಂಬಿದ ಉಡಿ ಗಂಡನ ಮನಿ ದೇವರ ಜಗಲಿ ಮುಂದ ಸುರುವಬೇಕು. ತವರಮನ್ಯಾಗ ಸುರುವಿದ್ರ ತವರಮನಿಗೂ ಛಲೋ ಅಲ್ಲ, ನಿನ್ನ ಹೊಟ್ಟೀಗೂ ಛಲೋ ಅಲ್ಲ."

ಹೊರಗೆ ಗೂಳಪ್ಪ ಕೆಮ್ಮಿದ. ಹೊತ್ತಾಯಿತು ಎಂದು ಯಾರೋ ಅಂದರು.

ಮಲ್ಲಿಕಾ ಇದಾವುದನ್ನೂ ನಂಬುವವಳಲ್ಲ. ಮೈಲಾರವ್ವ ಹೇಳಿದ್ದಕ್ಕೆ ಸೊಪ್ಪು ಹಾಕದೆ, ಪಡಸಾಲೆಗೆ ಬಂದು, 'ಹುಡುಗಿ ಬರಂಗಿಲ್ಲ, ನೀವು ನಡೀರಿ' ಎಂದಿದ್ದರೆ ಮುಗಿದಿತ್ತು. ಅದು ಅವಳ ಅಧಿಕಾರ, ಅವಳ ಕೆಲಸ. ಇನ್ನೊಬ್ಬಳು ಆ ಜಾಗದಲ್ಲಿ ಇದ್ದಿದ್ದರೆ, ಉಡಿಯ ಮನೆಯಲ್ಲೇ ಹುಟ್ಟಿ ಬೆಳೆದವಳಿದ್ದರೆ, ಅಂದುಬಿಡುತ್ತಿದ್ದಳೋ ಏನೋ. ಮಲ್ಲಿಕಾಳಿಗೆ ಕಂಡದ್ದು ಹೊರಗೆ ಕುಳಿತ ಮುಖಗಳು. ತುಂಬಿದ ಉಡಿ ಒಡೆಸಿದಳು, ಅವರ ಪೈಕಿಯವಳಲ್ಲವೇ, ಅವಳಿಗೆ ಅದರ ಕಿಮ್ಮತ್ತು ಏನು ತಿಳಿದೀತು, ಎಂದು ಊರೂರಲ್ಲಿ ಆಡುವ ಬಾಯಿಗಳು. ನಾಳೆ ಯಾರೂ ತಮ್ಮ ಹೆಣ್ಣುಮಕ್ಕಳನ್ನು ಈ ಮನೆಗೆ ಕಳಿಸದೇ ಹೋದರೆ ಎಂಬ ಭಯ. ಒಂದು ಗಳಿಗೆಯಲ್ಲಿ ಅಷ್ಟೆಲ್ಲ ತಲೆಗೆ ಬಂತು, ಮುಂಗೈ ಹಿಡಿದು ನಿಂತವಳು ಮಾತ್ರ ಎಲ್ಲಕ್ಕಿಂತ ಕಡೆಗೆ ಬಂದಳು.

"ಇವತ್ತ ಒಂದಿನ ಹೋಗು," ಎಂದಳು ಮೆಲ್ಲಗೆ. "ಉಡಿ ಸುರುವು. ನಾಳೆ ನಾನ ಬಂದು ಕರಕೊಂಡ ಬರ್ತೀನಿ. ಯಾರಿಗೂ ಹೇಳಬ್ಯಾಡ. ತಯಾರಾಗಿ ಕುಂಡ್ರು."

"ಖರೇನ ಬರ್ತೀರೇನ್ರಿ?"

"ಬರ್ತೀನಿ."

ಸೀಮಾ ಕೈಬಿಟ್ಟಳು. ಹೊಟ್ಟೆಯ ಮುಂದಿನ ಗಂಟನ್ನು ಎರಡೂ ಕೈಯಿಂದ ಹಿಡಿದುಕೊಂಡು, ಹಿಂದಿರುಗಿ ನೋಡದೆ ಹೊಸ್ತಿಲು ದಾಟಿದಳು. ಹಿಂದಿರುಗಿ ನೋಡಬಾರದು ಎಂದೂ ಮೈಲಾರವ್ವನೇ ಹೇಳಿಕೊಟ್ಟಿದ್ದಳು.

ಸಂಜೆ ಧಾರವಾಡದಿಂದ ಮೇಡಂ ಫೋನು. ನಾಳೆಯ ಸಭೆ ನೆನಪಿದೆಯಲ್ಲ, ದೊಡ್ಡ ಅಧಿಕಾರಿಗಳು ಬರುತ್ತಾರೆ, ನಿಮ್ಮ ಉಡಿ ತುಂಬುವ ಪದ್ಧತಿಯ ಬಗ್ಗೆ ನೀವೇ ಮಾತಾಡಬೇಕು. ಮಲ್ಲಿಕಾ ಅದನ್ನು ಮರೆತೇಬಿಟ್ಟಿದ್ದಳು. ಒಂದು ದಿನ ಹೆಚ್ಚುಕಡಿಮೆಯಾದರೆ ಏನಾದೀತು ಎಂದುಕೊಂಡಳು. ಮರುದಿನ ಧಾರವಾಡದ ಸಭಾಂಗಣದಲ್ಲಿ ಮೈಕಿನ ಮುಂದೆ ನಿಂತು, ತವರಿಲ್ಲದ ಹೆಣ್ಣುಮಕ್ಕಳಿಗೆ ನಾವೇ ತವರು ಎಂದು ಹೇಳಿದಳು. ಜನ ಚಪ್ಪಾಳೆ ತಟ್ಟಿದರು, ಒಬ್ಬರು ಶಾಲು ಹೊದಿಸಿದರು. ಅದರ ಮರುದಿನ ಅಣ್ಣಿಗೇರಿಯ ಕಡೆಯಿಂದ ಮೈಸುಟ್ಟುಕೊಂಡವಳೊಬ್ಬಳನ್ನು ತಂದರು, ಆಸ್ಪತ್ರೆಗೆ ಓಡಾಟವಾಯಿತು. ಯರಗುಪ್ಪಿಗೆ ಫೋನು ಮಾಡಿದರೆ ಮಾಳಿಂಗರಾಯ ಎತ್ತಿದ. "ಅಗದಿ ಆರಾಮ ಅದಾಳ್ರಿ ಅಕ್ಕಾರ, ಹೊಲಕ್ಕ ಹೋಗ್ಯಾಳ." ಇನ್ನೊಮ್ಮೆ ಮಾಡಿದಾಗ ಸ್ನಾನಕ್ಕೆ ಹೋಗಿದ್ದಳು. ಮತ್ತೊಮ್ಮೆ ಮಾಡಿದಾಗ ನಿದ್ದೆ ಮಾಡುತ್ತಿದ್ದಳು.

ಹೀಗೇ ಕೆಲವು ದಿನ ಕಳೆದ ಮೇಲೆ, ಮೈಲಾರವ್ವ ಅನ್ನಕ್ಕೆ ಎಸರಿಡುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು. "ಬಾಯಾರ, ಆ ಹುಡಿಗಿ ಬರಲಿಲ್ಲಲ್ರಿ."

"ಆಕಿ ಹೆಂಗ ಬರ್ತಾಳ ಬೇ? ನಾ ಹೋಗಿ ಕರಕೊಂಡ ಬರ್ತೀನಿ ಅಂದಿದ್ದೆ." ಅಂದು ಮುಗಿಸುವಷ್ಟರಲ್ಲಿ ಮಲ್ಲಿಕಾಳಿಗೆ ತನ್ನ ಮಾತೇ ತನಗೆ ಕೇಳಿಸಿತು. ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದಳು.

ಫಯಾಜನ ಆಟೋ ಸಿಕ್ಕಿತು. ನಸೀಮಾಬಿಯನ್ನು ಠಾಣೆಯಿಂದ ಎಬ್ಬಿಸಿದಳು. ಆಕೆ ತನ್ನ ಸ್ಕೂಟಿಯಲ್ಲಿ ಹಿಂದೆ ಬಂದಳು. ಎರಡೂ ಕಡೆ ಕಡಲೆ ಕಿತ್ತು ಬೋಳಾದ ಕಪ್ಪು ಹೊಲ, ಬಿಸಿಲಿಗೆ ಬಾಯಿ ಬಿಟ್ಟುಕೊಂಡಿತ್ತು. ಇವತ್ತು ಯಾರು ಅಡ್ಡ ಬಂದರೂ ಅವಳನ್ನು ಕರೆದುಕೊಂಡೇ ಬರುವುದು, ಉಡಿ ಗಿಡಿ ಎಂದು ಯಾರಾದರೂ ಬಾಯಿ ತೆರೆದರೆ ಅಲ್ಲೇ ಜಾಡಿಸುವುದು, ಎಂದು ಮಲ್ಲಿಕಾ ದಾರಿಯುದ್ದಕ್ಕೂ ಹಲ್ಲು ಕಚ್ಚಿ ಕುಳಿತಿದ್ದಳು.

ಮಾಳಿಂಗರಾಯ ಕಟ್ಟೆಯ ಮೇಲಿದ್ದವನು ಇಳಿದು ಬಂದು ಕೈಮುಗಿದ. "ಬರ್ರಿ ಬರ್ರಿ ಅಕ್ಕಾರ! ಬಡವರ ಮನಿಗೆ ಬಂದ್ರಿ. ಏ ಸೀಮಾ, ಯಾರ ಬಂದಾರ ನೋಡು!"

ಸೀಮಾ ಬಾಗಿಲಿಗೆ ಬಂದಳು. ಮೈಮೇಲೆ ಹೊಸ ಸೀರೆ. ಎಡಗೈಯನ್ನು ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ತೂಗುಹಾಕಿಕೊಂಡಿದ್ದಳು. ಮಲ್ಲಿಕಾ ಏನೋ ಕೇಳಿದರೆ ಕತ್ತು ಹೊರಳಿಸಿ ಇನ್ನೊಂದು ಕಿವಿಯನ್ನು ಮುಂದೆ ತಂದಳು.

"ಕೈಗೇನಾತವ್ವಾ?" ಎಂದಳು ನಸೀಮಾಬಿ.

"ಬಚ್ಚಲದಾಗ ಜಾರಿ ಬಿದ್ನಿರಿ."

"ಅಂಜಬ್ಯಾಡ. ನಾ ಇದ್ದೀನಿ. ಖರೆ ಹೇಳು, ಇಂವನ್ನ ಈಗಿಂದೀಗ ಠಾಣೆಗೆ ಎಳಕೊಂಡ ಹೋಗ್ತೀನಿ."

"ಜಾರಿ ಬಿದ್ನಿರಿ," ಎಂದಳು ಸೀಮಾ. ಇನ್ನೆಷ್ಟು ಸಲ ಕೇಳಿದ್ದರೂ ಅದೇ ಉತ್ತರ ಬರುತ್ತಿತ್ತು. ನಸೀಮಾಬಿ ಟೋಪಿ ತೆಗೆದು ಹಣೆ ಒರೆಸಿಕೊಂಡಳು.

ನೀರು ಬೇಕು ಎಂಬ ನೆವ ಮಾಡಿ ಮಲ್ಲಿಕಾ ಹಿತ್ತಲಿಗೆ ನಡೆದಳು. ಸೀಮಾ ತಂಬಿಗೆ ಹಿಡಿದು ಹಿಂದೆ ಬಂದಳು. ದನಕ್ಕೆ ಮೇವು ಹಾಕುವ ಗೋದಲಿಯ ಪಕ್ಕಕ್ಕೆ ಇಬ್ಬರೇ ನಿಂತರು.

"ನಡಿ," ಎಂದಳು ಮಲ್ಲಿಕಾ. "ಈಗ ನಡಿ. ಏನೂ ತಗೋಬ್ಯಾಡ, ಹಿಂಗ ನಡಿ. ಆಟೋ ನಿಂತೈತಿ. ನಂದ ತಪ್ಪಾತು ಸೀಮಾ, ಮರುದಿನಾನ ಬರಬೇಕಿತ್ತು, ನಂದ ತಪ್ಪು."

ಸೀಮಾ ತಂಬಿಗೆಯನ್ನು ಗೋದಲಿಯ ಮೇಲಿಟ್ಟಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಮಲ್ಲಿಕಾ ಅದನ್ನು ಹಿಡಿದುಕೊಂಡು ಅವಳನ್ನು ಎಳೆಯುತ್ತಿದ್ದಳು.

"ನೀವು ತಯಾರಾಗಿ ಕುಂಡ್ರು ಅಂದಿದ್ರಲ್ರಿ," ಎಂದಳು ಅವಳು. "ಉಡಿ ಸುರುವಿದ್ನಿ. ರಾತ್ರೀನ ಚೀಲ ತುಂಬಿ ಜ್ವಾಳದ ಕಣಜದ ಹಿಂದ ಇಟ್ನಿ. ಮುಂಜಾನಿಂದ ಬಾಗಲದಾಗ ಕುಂತಿದ್ನಿರಿ. ಎಲ್ಲಿ ಗಾಡಿ ಸಪ್ಪಳಾದ್ರೂ ಎದ್ದು ನೋಡೂದು. ಯಾಕ ಹಿಂಗ ಎದ್ದೆದ್ದು ನೋಡ್ತಿ ಅಂದ. ಆಮ್ಯಾಲೆ ಚೀಲ ಹುಡುಕಿ ತಗದ."

ಮಲ್ಲಿಕಾ ಅವಳ ಕಟ್ಟಿದ ಕೈಯನ್ನು ನೋಡಿದಳು.

"ಚೀಲ ತುಂಬದ ಇದ್ದಿದ್ರ ಇಷ್ಟ ಹೊಡೀತಿರಲಿಲ್ರಿ," ಎಂದಳು ಸೀಮಾ, ಲೆಕ್ಕ ತಪ್ಪಿದ್ದನ್ನು ತಿಳಿಸಿ ಹೇಳುವವಳಂತೆ. "ಈಗ ಹೋದ್ರೂ ಮತ್ತ ಮಾತಕತಿ ಮಾಡಿ, ಚಹಾ ಕುಡಿಸಿ ಕಳಸ್ತೀರಿ. ನಿಮ್ಮದೇನೂ ತಪ್ಪಿಲ್ರಿ, ನಿಮ್ಮ ಕೆಲಸಾನ ಅದ ಐತಿ. ನಾ ಇಲ್ಲೇ ಇರ್ತೀನಿ. ಇಲ್ಲೇ ಇದ್ರ ಯಾವಾಗ ಹೊಡೀತಾನ ಅನ್ನೂದರೆ ಗೊತ್ತಾಕ್ಕೈತಿ."

ಮಲ್ಲಿಕಾ ಬೇಡಿಕೊಂಡಳು. ಆಣೆ ಹಾಕಿದಳು. ಅತ್ತಳು ಕೂಡ. ಸೀಮಾ ತನ್ನ ಒಳ್ಳೆಯ ಕೈಯಿಂದ ಅವಳ ಭುಜ ಸವರಿ, "ಅಳಬ್ಯಾಡ್ರಿ, ಅಂವಾ ಕೇಳ್ತಾನ" ಎಂದಳು. ಆಮೇಲೆ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು.

ನಸೀಮಾಬಿಗೆ ಹಿಡಿಯಲು ಏನೂ ಇರಲಿಲ್ಲ. ಹೆಂಗಸೇ ಜಾರಿ ಬಿದ್ದೆ ಎಂದ ಮೇಲೆ ಕಾನೂನು ಎಲ್ಲಿಂದ ಹುಟ್ಟಬೇಕು? ಮಾಳಿಂಗರಾಯನಿಗೆ ಕೋಲು ತೋರಿಸಿ, ಬೈದು, ಸ್ಕೂಟಿ ಹತ್ತಿ ಹೋದಳು. ಬೈಸಿಕೊಂಡವನು ನಗುನಗುತ್ತಲೇ ಮಲ್ಲಿಕಾಳನ್ನು ಆಟೋತನಕ ಕಳಿಸಲು ಬಂದ.

ಆಟೋದ ಒಳಗೆ ಆಗಲೇ ಯಾರೋ ಕುಳಿತಿದ್ದರು. ಹದಿಹರೆಯ ದಾಟಿದ ಹುಡುಗಿ, ತೊಡೆಯ ಮೇಲೆ ಒಂದು ಕೈಚೀಲ, ಹುಬ್ಬಿನ ಮೇಲೆ ಹೊಲಿಗೆಯ ಗುರುತು. ಫಯಾಜ್ ನನಗೇನೂ ಗೊತ್ತಿಲ್ಲ ಎನ್ನುವಂತೆ ಮುಖ ಮಾಡಿ ಕುಳಿತಿದ್ದ.

"ಇಕಿ ನನ್ನ ತಂಗಿರಿ, ಬೀರವ್ವ," ಎಂದ ಮಾಳಿಂಗರಾಯ. "ಕಲಘಟಗಿ ಕಡೆ ಕೊಟ್ಟೇವಿ. ಗಂಡನ ಮನಿ ಬಿಟ್ಟು ಬಂದು ಕುಂತಾಳ, ಒಲ್ಲೆ ಅಂತಾಳ. ನೀವು ನಮ್ಮ ಸಂಸಾರ ಹೆಂಗ ದಾರಿಗೆ ಹಚ್ಚಿದ್ರಲ್ಲ, ಹಂಗ ಇಕೀದೂ ಒಂಚೂರು ತಿಳಿಸಿ ಹೇಳ್ರಿ. ಉಡಿ ತುಂಬಿ ಕಳಸಿಬಿಡ್ರಿ. ಬಾಜೂ ಊರಿನವರಿಗೂ ನಾ ಹೇಳೇನ್ರಿ, ಹೆಣ್ಮಕ್ಕಳು ಒಲ್ಲೆ ಅಂದ್ರ ಸಂಶಿಗೆ ಕಳಸ್ರಿ, ಅಗದಿ ಛಲೋ ತಿದ್ದಿ ಕಳಸ್ತಾರಂತ."

ಅವನು ಹಂಗಿಸುತ್ತಿದ್ದಾನೆಯೇ ಎಂದು ಮಲ್ಲಿಕಾ ಅವನ ಮುಖ ನೋಡಿದಳು. ಇಲ್ಲ. ಉಪಕಾರ ನೆನೆಯುವ ಮನುಷ್ಯನ ಮುಖ ಅದು. ಮನಸಾರೆ ಹೇಳುತ್ತಿದ್ದ.

ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಹುಡುಗಿಯನ್ನು ಇಳಿಸಿಬಿಡಬೇಕೆನಿಸಿತು. ಇಳಿಸಿ ಎಲ್ಲಿ ಬಿಡುವುದು, ಇವನ ಮನೆಯಲ್ಲೇ? ಮಲ್ಲಿಕಾ ಆಟೋ ಹತ್ತಿ ಕುಳಿತಳು. ಬಾಗಿಲಲ್ಲಿ ಸೀಮಾ ಇರಲಿಲ್ಲ.

ಆಟೋ ಊರು ದಾಟಿತು. ಧಾರವಾಡಕ್ಕೇ ಕರೆದೊಯ್ಯುತ್ತೇನೆ, ಇವಳನ್ನಾದರೂ ನೇರ ಅಲ್ಲಿಗೆ ಮುಟ್ಟಿಸುತ್ತೇನೆ, ಎಂದು ಮಲ್ಲಿಕಾ ಮನಸ್ಸಿನಲ್ಲೇ ಹತ್ತು ಸಲ ಅಂದುಕೊಂಡಳು. ಅಷ್ಟರಲ್ಲಿ ಹುಡುಗಿ ಅವಳ ಕಡೆ ತಿರುಗಿದಳು.

"ಅಕ್ಕಾರ, ನನ್ನ ಯಾವಾಗ ಕಳಸ್ತೀರಿ?"

"ಎಲ್ಲಿಗೆ?"

"ಗಂಡನ ಮನಿಗ್ರಿ."

"ನಿನಗ ಹೋಗೂ ಮನಸ ಐತೇನು?"

"ಇಲ್ರಿ," ಎಂದಳು ಬೀರವ್ವ. "ಆದ್ರೂ ಕಳಸೂದಿದ್ರ ಲಗೂ ಕಳಸಿಬಿಡ್ರಿ. ತಡಾ ಆದಷ್ಟೂ ಅಲ್ಲಿ ಹೆಚ್ಚಿಗಿ ಬೀಳತಾವ."

ಕಳಿಸುವುದಿಲ್ಲ ಎಂದು ಹೇಳಲು ಮಲ್ಲಿಕಾ ಬಾಯಿ ತೆರೆದಳು. ಹುಡುಗಿ ಅವಳ ಉತ್ತರಕ್ಕೆ ಕಾಯದೆ ಆಗಲೇ ರಸ್ತೆಯ ಕಡೆ ಮುಖ ತಿರುಗಿಸಿದ್ದಳು.